‘ಅರಾಮ ಆಗ್ಯಾಳ’ ಅಂದವಳು ನಾನೇ

೧೯೮೪ರ ಕಬ್ಬಿನ ಹಂಗಾಮಿಗೆ ನಾನು ಅಥಣಿಯ ಒಂದು ಖಾಸಗಿ ದವಾಖಾನೆಯಲ್ಲಿ ಆಯಾ ಆಗಿ ಸೇರಿ ಆರು ವರ್ಷವಾಗಿತ್ತು. ಇಪ್ಪತ್ತು ಹಾಸಿಗೆ, ಒಬ್ಬರು ಡಾಕ್ಟರು, ಇಬ್ಬರು ಸಿಸ್ಟರು, ಇಬ್ಬರು ಆಯಾಗಳು. ನಾನು ಓದಿದ್ದು ನಾಲ್ಕನೆಯ ಇಯತ್ತೆ. ಆಯಾ ಅಂದರೆ ಕಸ ಹೊಡೆಯುವವಳು ಎಂದು ಜನ ತಿಳಿಯುತ್ತಾರೆ. ಕಸವನ್ನೂ ಹೊಡೆದಿದ್ದೇನೆ. ಆದರೆ ಏಳಲಾರದವರ ಮೈ ಒರೆಸುವುದು, ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸುವುದು, ಬೆನ್ನಿಗೆ ಹುಣ್ಣಾಗದಂತೆ ಕಾಯುವುದು, ನಡೆಯುವುದನ್ನು ಮರೆತವರನ್ನು ಗೋಡೆ ಹಿಡಿಸಿ ನಡೆಸುವುದು ಕೂಡ ನಮ್ಮದೇ ಕೆಲಸ. ಡಾಕ್ಟರು ದಿನಕ್ಕೆ ಎರಡು ಸಲ ಬಂದು ಹೋಗುವರು. ಉಳಿದ ಹೊತ್ತೆಲ್ಲ ಪೇಶಂಟು ನಮ್ಮ ಕೈಯಲ್ಲಿ. ಅದರಿಂದ ನಮಗೊಂದು ಸೊಕ್ಕು ಬರುತ್ತದೆ. ನನಗೂ ಬಂದಿತ್ತು.

ಆ ವರ್ಷದ ಡಿಸೆಂಬರಿನಲ್ಲಿ ಐನಾಪುರದಿಂದ ಹತ್ತು ವರ್ಷದ ಹುಡುಗಿಯೊಬ್ಬಳು ಬಂದಳು. ಹೆಸರು ಸುಮತಿ. ಜೈನರ ಮನೆತನ, ಕಬ್ಬಿನ ಹೊಲ ಇದ್ದವರು. ಕಬ್ಬು ಹೇರಿದ ಟ್ರ್ಯಾಕ್ಟರು ಊರೊಳಗೆ ನಿಧಾನಕ್ಕೆ ಹೋಗುವಾಗ ಮಕ್ಕಳು ಬೆನ್ನು ಹತ್ತಿ ಕಬ್ಬು ಎಳೆಯುವುದು ನಮ್ಮ ಕಡೆ ಹಂಗಾಮಿನ ಆಟ. ದೊಡ್ಡವರು ಬೈಯುತ್ತಾರೆ, ಬೈಯುವವರೂ ಚಿಕ್ಕಂದಿನಲ್ಲಿ ಎಳೆದವರೇ. ಸುಮತಿ ಟ್ರೇಲರಿಗೆ ಜೋತುಬಿದ್ದು ಎಳೆದಳು. ಕಬ್ಬು ಬರಲಿಲ್ಲ, ಕೈ ಜಾರಿತು, ಹಿಂದಕ್ಕೆ ಬಿದ್ದು ತಲೆ ಕಲ್ಲಿಗೆ ಬಡಿಯಿತು. ಮೀರಜಿಗೆ ಒಯ್ದು ಆಪರೇಶನ್ ಮಾಡಿಸಿದರು. ಹನ್ನೊಂದು ದಿನ ಎಚ್ಚರ ಇರಲಿಲ್ಲ. ಇನ್ನು ಜೀವಕ್ಕೆ ಭಯವಿಲ್ಲ ಎಂದ ಮೇಲೆ, ಊರಿಗೆ ಹತ್ತಿರವಾಗಲಿ ಎಂದು ನಮ್ಮಲ್ಲಿಗೆ ತಂದರು.

ತಂದಾಗ ಕಣ್ಣು ತೆರೆದಿದ್ದವು, ನೋಟ ಇರಲಿಲ್ಲ. ಬಲಗೈ ಬಲಗಾಲು ಜೋಲುಬಿದ್ದಿದ್ದವು. ಮೂಗಿನಲ್ಲಿ ರೈಲ್ಸ್ ಟ್ಯೂಬ್, ಅಂದರೆ ನುಂಗಲು ಬಾರದವರಿಗೆ ಮೂಗಿನಿಂದ ಹೊಟ್ಟೆಗೆ ಇಳಿಸುವ ನಳಿಕೆ. ಅದರಲ್ಲಿ ಎರಡು ತಾಸಿಗೊಮ್ಮೆ ಹಾಲು, ಗಂಜಿ ಹಾಕಬೇಕು. ಮೊದಲ ದಿನವೇ ತಕರಾರು ಬಂತು. ಅವರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಸಂಜೆ ಏಳಕ್ಕೆ ನಾನು ಹಾಲು ತಂದರೆ ಅಜ್ಜಿಯೊಬ್ಬರು ಬೇಡವೆಂದು ಕೈ ಅಡ್ಡ ಹಿಡಿದರು. ಹುಡುಗಿಯ ತಾಯಿ ಕಸ್ತೂರಿ ಆ ಕೈಯನ್ನು ಸರಿಸಿ ನನಗೆ ಹೇಳಿದಳು:

“ಹಾಕ ಗಂಗಕ್ಕ. ಪಾಪ ಬಂದರ ನನಗ ಬರ್ಲಿ.”

ಹೆಚ್ಚು ಮಾತಿನವಳಲ್ಲ ಆಕೆ. ಮಗಳ ಮುಖವನ್ನು ನೋಡುತ್ತ ಕೂರುವಳು. ಏನೋ ಕಳೆದಿದ್ದನ್ನು ಹುಡುಕುವಂತೆ ನೋಡುವಳು. ತಂದೆ ಧನಪಾಲಣ್ಣ ಬೇರೆ ತರಹ. ಮುಂಜಾನೆ ಮೊದಲ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವರು, ಮೂರು ತಿಂಗಳಲ್ಲಿ ಒಂದು ದಿನವೂ ತಪ್ಪಿಸಲಿಲ್ಲ. ನನ್ನ ಜೊತೆ ಕೂತು ಮಗಳ ಬೆರಳು ಒಂದೊಂದಾಗಿ ಮಡಚಿ ಬಿಡಿಸುವರು. ಸ್ವಲ್ಪ ಅಲುಗಿದರೆ ಸಾಕು, ಓಣಿಗೆಲ್ಲ ಕೇಳುವಂತೆ ಕೂಗುವರು:

“ನೋಡ್ರಿ, ಗಂಗಕ್ಕಾರ! ಹೆಬ್ಬೆರಳ ಅಳ್ಳಾಡಿಸಿದ್ಳು! ಅಂಗಡ್ಯಾಗಿಂದ ಪೇಡೆ ತರ್ಸಲಿ?”

“ಮೊದಲ ಪೂರ್ತಿ ಕೈ ಅಳ್ಳಾಡಸಲಿ, ಆಮ್ಯಾಲ ತರ್ಸ್ರಿ. ಒಂದೊಂದ ಬೆರಳಿಗೆ ಪೇಡೆ ಅಂದ್ರ ನಮ್ಮ ಸಿಸ್ಟರ್ ಡಬ್ಬ ಆಗ್ತಾರ,” ಅಂತ ನಾನು ಅನ್ನುತ್ತಿದ್ದೆ.

ಮಗು ನುಂಗಿತು, ನಳಿಕೆ ತೆಗೆದೆವು. ಕೂತಿತು, ನಿಂತಿತು. ಫೆಬ್ರುವರಿಯಲ್ಲಿ ಗೋಡೆ ಹಿಡಿದು ವಾರ್ಡಿನ ಈ ಕೊನೆಯಿಂದ ಆ ಕೊನೆಗೆ ನಡೆಯಿತು. ಅಪ್ಪನನ್ನು ಅಪ್ಪ ಅಂದಿತು, ಅವ್ವನನ್ನು ಅವ್ವ ಅಂದಿತು, ಮನೆಯ ಎಮ್ಮೆಯ ಹೆಸರು ಹೇಳಿತು. ಆ ದಿನ ಪೇಡೆ ಬಂತು. ಕಸ್ತೂರಿ ಪೇಡೆ ಮುಟ್ಟಲಿಲ್ಲ. ನನ್ನನ್ನು ಬಾಗಿಲ ಹೊರಗೆ ಕರೆದು ಕೇಳಿದಳು:

“ಗಂಗಕ್ಕ, ಇಕಿ ನನ್ನ ಮಗಳ ಅಲ್ಲ ಅನಸ್ತೈತಿ. ನನ್ನ ಮಗಳ ಒಂದ ಮಾತ ಹೇಳಿದ್ರ ಎಂಟ ದಿನ ಬಿಡ್ತಿದ್ದಿಲ್ಲ, ಕೇಳಿ ಕೇಳಿ ತಲಿ ತಿಂತಿದ್ಳು. ಇಕಿ ಹೇಳಿದ್ದಕ್ಕ ಹೂಂ ಅಂತಾಳ, ಅಷ್ಟ.”

“ಸಾವಿನ ಬಾಯಾಗಿಂದ ಬಂದಾಳ. ದೇವರಿಗೆ ಕೈ ಮುಗಿಯೂದ ಬಿಟ್ಟ ಹೆಂತಾ ಮಾತ ಆಡ್ತಿ ಬೇ,” ಅಂದೆ.

ಈಗ ನನಗೆ ಲೆಕ್ಕ ತಿಳಿಯುತ್ತದೆ. ಅಪ್ಪ ಮಗಳನ್ನು, ಆಕೆ ಹಾಸಿಗೆಯಲ್ಲಿ ಹೆಣದ ಹಾಗೆ ಬಿದ್ದ ದಿನದಿಂದ ಅಳೆಯುತ್ತಿದ್ದ. ಅವ್ವ ಅದಕ್ಕಿಂತ ಹಿಂದಿನ ದಿನದಿಂದ ಅಳೆಯುತ್ತಿದ್ದಳು. ಅವನ ಅಳತೆಯಲ್ಲಿ ಮಗಳು ದಿನಕ್ಕೊಂದು ಗೇಣು ಮುಂದೆ ಬರುತ್ತಿದ್ದಳು. ಆಕೆಯ ಅಳತೆಯಲ್ಲಿ ಮಗಳು ಮನೆಗೆ ತಲುಪಿರಲೇ ಇಲ್ಲ. ಅವನ ಆ ಹುರುಪು ಇರದಿದ್ದರೆ ಹುಡುಗಿ ನಡೆಯುತ್ತಿರಲಿಲ್ಲ, ಅದೂ ಖರೆ. ಆದರೆ ನಾನು ಆಗ ಯಾವ ಕಡೆ ನಿಂತಿದ್ದೆ ಅಂದರೆ ಪೇಡೆಯ ಕಡೆ.

ಮಾರ್ಚಿನಲ್ಲಿ ಮನೆಗೆ ಕಳಿಸಿದೆವು. ತಲೆಗೆ ಪೆಟ್ಟು ಬಿದ್ದ ಮಕ್ಕಳು ಸುಧಾರಿಸಲು ವರ್ಷಗಳೇ ಬೇಕು, ಆಗಾಗ ಕರೆದುಕೊಂಡು ಬಂದು ತೋರಿಸಿ ಎಂದು ಡಾಕ್ಟರು ಹೇಳಿದರು. ಮೂರ್ನಾಲ್ಕು ಸಲ ಬಂದರು. ಕುಂಟುವುದು ನಿಂತ ಮೇಲೆ ಬರುವುದು ಬಿಟ್ಟರು. ಸಾಲೆಯಲ್ಲಿ ಪಾಠ ತಲೆಗೆ ಹತ್ತದೆ ಬಿಡಿಸಿದರಂತೆ. ಹೆಣ್ಣುಮಗಳು ಸಾಲೆ ಬಿಟ್ಟರೆ ಆ ಕಾಲದಲ್ಲಿ ಯಾರೂ ಯಾಕೆ ಎಂದು ಕೇಳುತ್ತಿರಲಿಲ್ಲ.

ಏಳು ವರ್ಷ ಕಳೆದವು. ೧೯೯೨ರ ಬೇಸಿಗೆಯಲ್ಲಿ ಒಂದು ದಿನ ಟೊಪ್ಪಿಗೆ ಹಾಕಿದ ಹಿರಿಯರೊಬ್ಬರು ನನ್ನನ್ನು ಹುಡುಕಿಕೊಂಡು ದವಾಖಾನೆಗೆ ಬಂದರು. ಕಸ್ತೂರಿಯ ಅಣ್ಣ, ನಮ್ಮ ಅಥಣಿ ಹತ್ತಿರದ ಅನಂತಪುರದ ಅಪ್ಪಾಸಾಹೇಬ. ಸುಮತಿ ತೊಟ್ಟಿಲಲ್ಲಿದ್ದಾಗಲೇ ಇವರ ಮಗನಿಗೆ ಎಂದು ಮಾತಾಗಿತ್ತು. ಅಣ್ಣನ ಮನೆಗೆ ತಂಗಿಯ ಮಗಳು ಹೋಗುವುದು ನಮ್ಮ ಕಡೆ ಹೊಸದಲ್ಲ. ಈಗ ಹುಡುಗಿಗೆ ಹದಿನೆಂಟು ತುಂಬುತ್ತಿತ್ತು. ಅವರು ಬೆಂಚಿನ ಮೇಲೆ ಕೂತು ನೇರ ವಿಷಯಕ್ಕೆ ಬಂದರು.

“ಆಯಾಬಾಯಿ, ನಮ್ಮ ತಂಗಿ ಗಂಡ ಧನಪಾಲ ಹುಡುಗಿ ಅರಾಮ ಅದಾಳ ಅಂತಾನ. ನನ್ನ ತಂಗಿ ಕೊಡಂಗಿಲ್ಲ ಅಂತಾಳ. ‘ಅಕಿ ತಲಿ ಸರಿ ಇಲ್ಲ, ಬ್ಯಾಡೋ ಅಣ್ಣಾ’ ಅಂತ ಅಳ್ತಾಳ. ತಲಿ ಸರಿ ಇಲ್ಲದಾಕಿ ಹೊತ್ತಿಗೆ ಸರಿಯಾಗಿ ರೊಟ್ಟಿ ಬಡೀತಾಳೇನ್ರಿ? ನನಗ ತಿಳೀತೈತಿ. ತಂಗಿಗೆ ಈಗ ತವರಮನಿ ಸಣ್ಣದ ಆಗೇತಿ. ದ್ರಾಕ್ಷಿ ತೋಟದವರ ಯಾರೋ ಕಣ್ಣಿಗೆ ಬಿದ್ದಾರ.”

ಒಬ್ಬ ತಾಯಿ ತನ್ನ ಮಗಳ ರೋಗವನ್ನು ತನ್ನ ಬಾಯಿಂದಲೇ ಹೇಳಿದ್ದಳು, ಅದೂ ಸ್ವಂತ ಅಣ್ಣನಿಗೆ. ಅಣ್ಣನ ಕಿವಿಗೆ ಅದು ರೋಗದ ಮಾತಾಗಿ ಬೀಳಲೇ ಇಲ್ಲ. ತನ್ನ ಮನೆಗೆ ಹೆಣ್ಣು ಕೊಡಲು ಒಲ್ಲದವಳ ನೆವದ ಮಾತಾಗಿ ಬಿತ್ತು. ನಮ್ಮ ಕಡೆ ಇಂಥದಕ್ಕೆ ಅಣ್ಣ ತಂಗಿಯರ ಮಾತು ನಿಂತು, ಹಬ್ಬಕ್ಕೆ ಸೀರೆ ಬರುವುದು ನಿಂತು, ತವರು ಮುಚ್ಚಿಹೋದದ್ದನ್ನು ಬೇಕಾದಷ್ಟು ನೋಡಿದ್ದೇನೆ.

“ನೀವು ಮೂರ ತಿಂಗಳ ಅಕಿ ಮೈ ತೊಳದೀರಿ. ಅವರಿಬ್ಬರಿಗಿಂತ ನಿಮಗ ಗೊತ್ತ. ಒಮ್ಮಿ ಹೋಗಿ ನೋಡಿ ಬರ್ರಿ. ನಿಮ್ಮದಽ ಕಡೀ ಮಾತ,” ಎಂದರು ಅಪ್ಪಾಸಾಹೇಬ. ಡಾಕ್ಟರನ್ನು ಕೇಳಿ ಅಂದೆನೇ? ಅನ್ನಲಿಲ್ಲ. ಡಾಕ್ಟರನ್ನು ಬಿಟ್ಟು ನನ್ನನ್ನು ಕೇಳಿದರು ಎಂಬ ಹಿಗ್ಗಿನಲ್ಲಿ, ಮುಂದಿನ ರವಿವಾರ ಐನಾಪುರದ ಬಸ್ಸು ಹತ್ತಿದೆ.

ಸುಮತಿ ಬಾಗಿಲಲ್ಲೇ ನನ್ನ ಕಾಲಿಗೆ ಬಿದ್ದಳು. ಎತ್ತರದ, ತುಂಬಿದ ಮೈಯ ಹುಡುಗಿ. ಕುಂಟು ಇಲ್ಲ, ಸೊಟ್ಟ ಬಾಯಿ ಇಲ್ಲ. ನೋಡಿ ಎದೆ ಉಬ್ಬಿತು. ನನ್ನ ಕೈಯಲ್ಲಿ ಎದ್ದು ನಿಂತ ಮಗು ಇದು! ಧನಪಾಲಣ್ಣ ಎಲ್ಲವನ್ನೂ ತೋರಿಸಿದರು. ಆಕೆ ಬಡಿದ ಜೋಳದ ರೊಟ್ಟಿ ತಾಟಿನಷ್ಟು ದುಂಡಗಿತ್ತು. ಹೊಲಿದ ಕೌದಿಯ ಹೊಲಿಗೆ ಒಂದೇ ಸಮನಾಗಿತ್ತು. ಜೈನರ ಮನೆಯಲ್ಲಿ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸದೆ ಕುಡಿಯುವುದಿಲ್ಲ. ಸುಮತಿ ಕೊಡಕ್ಕೆ ಬಟ್ಟೆ ಕಟ್ಟಿ, ಒಂದು ಹನಿ ಚೆಲ್ಲದೆ ನೀರು ಸೋಸಿದಳು. ಸ್ವಲ್ಪ ಹೊತ್ತಿಗೆ ಅದೇ ನೀರನ್ನು ಇನ್ನೊಂದು ಕೊಡಕ್ಕೆ ಸೋಸಿದಳು. ನಾನು ಉಂಡು ಕೈ ತೊಳೆಯಲು ಹೋದಾಗ ಮತ್ತೆ ಮೊದಲಿನ ಕೊಡಕ್ಕೆ ಸೋಸುತ್ತಿದ್ದಳು.

“ಎಷ್ಟ ಮಡಿ ನೋಡ್ರಿ ನಮ್ಮ ಹುಡುಗಿ!” ಎಂದರು ಅಪ್ಪ. ಹೌದೆಂದು ನಾನೂ ತಲೆ ಆಡಿಸಿದೆ.

“ಚಾ ಮಾಡ್ಲೇನ್ರಿ?” ಎಂದು ಸುಮತಿ ಕೇಳಿದಳು, ಕುಡಿದೆ. ಸ್ವಲ್ಪ ಹೊತ್ತಾದ ಮೇಲೆ “ಬಂದ ಕೂತೀರಿ, ಚಾ ಆದರೂ ಕುಡೀರಿ” ಎಂದಳು. ಇನ್ನೊಂದು ಕಪ್ಪು ಕುಡಿದೆ. ಮೂರನೆಯ ಸಲ ಕೇಳಿದಾಗ ನಗು ಬಂತು. “ಸಾಕ ಬೇ ನಮ್ಮವ್ವ, ಹೊಟ್ಟಿ ಅನ್ನೂದ ಹಂಡೆ ಆತು,” ಅಂದೆ. ನಮ್ಮಲ್ಲಿ ಬಂದವರಿಗೆ ಮೂರು ಸಲ ಚಹಾ ಕೇಳುವುದು ಮರ್ಯಾದೆ. ಕೇಳದಿದ್ದರೆ ಹೊರಗೆ ಹೋಗಿ ಆಡಿಕೊಳ್ಳುತ್ತೇವೆ. ಆ ಹುಡುಗಿಯ ರೋಗ ಅವರ ಮಡಿಯ ಒಳಗೆ, ನಮ್ಮ ಮರ್ಯಾದೆಯ ಒಳಗೆ ಅಡಗಿ ಕೂತಿತ್ತು. ಅದು ನನ್ನ ಕಣ್ಣೆದುರಿಗೇ ಇತ್ತು, ಮೂರು ಸಲ ಬಂದು ಕೇಳಿತು, ನಾನು ನಕ್ಕೆ.

ಹೊರಡುವಾಗ ಕಸ್ತೂರಿ ಅಡುಗೆಮನೆಯ ಬಾಗಿಲಲ್ಲಿ ನನ್ನ ಸೆರಗು ಹಿಡಿದಳು.

“ಗಂಗಕ್ಕ, ಇವತ್ತ ಇಲ್ಲೇ ವಸ್ತಿ ಇರು. ನಾಳೆ ಮುಂಜಾನೆ ಅಕಿ ನಿನ್ನ ನೋಡಿ ಏನ ಕೇಳ್ತಾಳ, ಅದನ್ನ ನೋಡಿ ಹೋಗು. ಕೈ ಮುಗೀತೀನಿ.”

“ನಾಳೆ ನನ್ನ ಡ್ಯೂಟಿ ಐತಿ. ಏನ ನೋಡಬೇಕೋ ನೋಡೀನಿ.”

“ನೋಡಿಲ್ಲ ನೀ,” ಎಂದಳು.

ನಾಲ್ಕು ಗಂಟೆಯ ಬಸ್ಸಿಗೆ ಬಂದುಬಿಟ್ಟೆ. ಅಪ್ಪಾಸಾಹೇಬರು ಮರುದಿನವೇ ಬಂದರು. ನಾನು ಹೇಳಿದ ಮಾತು ಇಷ್ಟೇ: “ಅರಾಮ ಆಗ್ಯಾಳ್ರಿ. ನನ್ನ ಕೈಯಾಗ ಎದ್ದ ಹುಡುಗಿ, ನನಗ ಗೊತ್ತಿಲ್ಲೇನ? ಜೀವ ಹೋಗಿ ಬಂದ ಮಗಳು. ತಾಯಿ ಕರಳ, ದೂರ ಕಳಸಾಕ ಅಂಜತೈತಿ.” ಮದುವೆಯಾಯಿತು. ನನಗೊಂದು ಸೀರೆ ಬಂತು. ಉಟ್ಟುಕೊಂಡು ಉಂಡು ಬಂದೆ.

೧೯೯೪ರ ಜನವರಿ. ಮೈ ಕೊರೆಯುವ ಚಳಿ. ಮಧ್ಯಾಹ್ನದ ಹೊತ್ತಿಗೆ ಅಪ್ಪಾಸಾಹೇಬರೂ ಅವರ ಹೆಂಡತಿಯೂ ಜೀಪಿನಲ್ಲಿ ಆರು ತಿಂಗಳ ಕೂಸನ್ನು ತಂದರು. ತುಟಿ ನೀಲಿ, ಮೈ ಮುಟ್ಟಿದರೆ ಕಲ್ಲು, ಅಳುವ ಶಕ್ತಿಯೂ ಇಲ್ಲ. ನಾನು ಬಿಸಿನೀರಿನ ಬಾಟಲಿ ಸುತ್ತಿಟ್ಟು, ಕಂಬಳಿಯಲ್ಲಿ ಎದೆಗೆ ಅವಚಿಕೊಂಡು ಕೂತೆ. ಡಾಕ್ಟರು ಏನಾಯಿತು ಎಂದು ಕೇಳಿದರು. ಉತ್ತರ ಹೇಳಿದವರು ಅಪ್ಪಾಸಾಹೇಬರ ಹೆಂಡತಿ:

“ನಾವೆಲ್ಲಾ ಹೊಲಕ್ಕ ಹೋಗಿದ್ದಿವ್ರಿ. ಸ್ವಸಿ ಕೂಸಿಗೆ ಎಣ್ಣಿ ಹಚ್ಚಿ ಎರದಾಳ. ಒರಸಿ ಮಲಗಿಸ್ಯಾಳ. ಮತ್ತ ಎಬ್ಬಿಸಿ ಎರದಾಳ. ಮಗ್ಗಲ ಮನಿಯಾಕಿ ನೋಡೂದರಾಗ ನಾಕ ಸಲ ಆಗಿತ್ತ್ರಿ. ಹಂಡೇದಾಗಿನ ಬಿಸಿನೀರ ತೀರಿ ಹೋದ ಮ್ಯಾಲ ತಣ್ಣೀರ ಹಾಕ್ಯಾಳ್ರಿ.”

ಅಪ್ಪಾಸಾಹೇಬರು ನನ್ನ ಕಡೆ ನೋಡಿದರು. ನನ್ನ ತೋಳಲ್ಲಿದ್ದ ಕೂಸನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು.

ಆ ದಿನ ಸಂಜೆ ಡಾಕ್ಟರು ನನಗೆ ಬಿಡಿಸಿ ಹೇಳಿದರು. ಪೆಟ್ಟು ಬೀಳುವುದಕ್ಕಿಂತ ಮೊದಲಿನದು ಆಕೆಯ ತಲೆಯಲ್ಲಿ ಉಳಿದಿದೆ. ಕೈ ರೂಢಿಯಿಂದ ಕಲಿತದ್ದು ಕೈಯಲ್ಲಿ ಉಳಿಯುತ್ತದೆ. ರೊಟ್ಟಿ, ಹೊಲಿಗೆ, ನೀರು ಸೋಸುವುದು. ಆದರೆ ಇಂದು ನಡೆದದ್ದು ನಿಲ್ಲುವುದಿಲ್ಲ. ಕಣ್ಣ ಮುಂದೆ ಇದ್ದಷ್ಟು ಹೊತ್ತು ಗೊತ್ತು, ಮರೆಯಾದರೆ ಅಳಿಸಿತು. ಮಾಡಿದ್ದು ನೆನಪಿಲ್ಲದ್ದರಿಂದ ಮತ್ತೆ ಮಾಡುತ್ತಾಳೆ. “ಗಂಡನ ಮನೆಯಲ್ಲಿ ಅತ್ತೆ ಹೇಳಿದ್ದನ್ನಷ್ಟೇ ಮಾಡಿಕೊಂಡು ಇದ್ದಿರಬೇಕು, ಅದಕ್ಕೆ ಯಾರಿಗೂ ಗೊತ್ತಾಗಿಲ್ಲ. ಬಾಣಂತನ ತವರಿನಲ್ಲಿ ಆಯಿತಲ್ಲ, ಅಲ್ಲಿ ತಾಯಿ ಐದು ತಿಂಗಳು ಪಕ್ಕ ಬಿಟ್ಟಿರಲಿಕ್ಕಿಲ್ಲ,” ಎಂದರು. ಕಸ್ತೂರಿ ಮಗಳಿಗೆ ಎಷ್ಟು ವರ್ಷದಿಂದ ನೆನಪಾಗಿ ನಿಂತಿದ್ದಳು ಎಂಬುದು ಆಗ ನನ್ನ ದಡ್ಡ ತಲೆಗೆ ಹೊಳೆಯಿತು.

ಕೂಸು ಉಳಿಯಿತು, ಒಂಬತ್ತು ದಿನಕ್ಕೆ ಮನೆಗೆ ಹೋಯಿತು. ಅದನ್ನು ಅಪ್ಪಾಸಾಹೇಬರ ಹೆಂಡತಿ ಇಟ್ಟುಕೊಂಡರು, ಡಬ್ಬಿಯ ಹಾಲು ಹಚ್ಚಿದರು. ಸುಮತಿಯನ್ನು ಐನಾಪುರಕ್ಕೆ ಕಳಿಸಿದರು. ಅವರನ್ನು ನಾನು ಬೈಯಲಾರೆ. ಕೂಸನ್ನು ಕಾಯುವುದು ಯಾರಿಗಾದರೂ ಮೊದಲು.

ಅದಾದ ಎರಡು ದಿನಕ್ಕೆ ಕಸ್ತೂರಿ ದವಾಖಾನೆಗೆ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಜಗಳಕ್ಕೆ ಬಂದಿದ್ದಾಳೆ ಎಂದು ನಾನು ಎದ್ದು ನಿಂತೆ.

“ಮಗಳ ಎದ್ಯಾಗ ಹಾಲ ಅದಾವ, ಗಂಗಕ್ಕ. ಕುಪ್ಪಸ ಒದ್ದಿ ಆಗತೈತಿ. ಇದೇನ ಬೇ ಅಂತ ನನ್ನ ಕೇಳ್ತಾಳ. ಅವರಪ್ಪ ಹೇಳಬ್ಯಾಡ ಅಂತಾನ. ನನ್ನ ಬಾಯಿಂದ ಬರವಲ್ದು. ಅವತ್ತ ನಿನ್ನ ಮಾತ ಕೇಳಿ ಒಯ್ದರು. ಈಗ ನೀನಽ ಬಂದ ಹೇಳು.”

ರಜೆ ಹಾಕಿ ಹೋದೆ. ಧನಪಾಲಣ್ಣ ಕಟ್ಟೆಯ ಮೇಲೆ ಕೂತಿದ್ದರು. “ಬರ್ರಿ, ಗಂಗಕ್ಕಾರ. ಸುಮತಿ ಎರಡ ದಿನ ಇರಾಕ ಬಂದಾಳ್ರಿ. ಅರಾಮ ಅದಾಳ,” ಎಂದರು. ನಗುತ್ತಲೇ ಅಂದರು. ಆ ಮುಖ ನೋಡಲಾಗದೆ ಒಳಗೆ ಹೋದೆ.

ಸುಮತಿ ನನ್ನನ್ನು ನೋಡಿ “ಯಾರ್ರಿ ನೀವು?” ಎಂದು ಕೇಳಿದಳು. ಹೇಳಿದೆ. ಗುರುತು ಹತ್ತಲಿಲ್ಲ. ಆದರೆ ನಾನು ಪಕ್ಕದಲ್ಲಿ ಕೂತೊಡನೆ ತನ್ನ ಬಲಗೈಯನ್ನು ನನ್ನ ತೊಡೆಯ ಮೇಲೆ ಚಾಚಿ ಇಟ್ಟಳು, ಒಂಬತ್ತು ವರ್ಷದ ಹಿಂದೆ ಎಣ್ಣೆ ತಿಕ್ಕಿಸಿಕೊಳ್ಳಲು ಇಡುತ್ತಿದ್ದ ಹಾಗೆ. ಯಾಕೆ ಇಟ್ಟೆನೆಂದು ಆಕೆಗೇ ಗೊತ್ತಿರಲಿಲ್ಲ. ನಾನು ಆ ಕೈಯನ್ನು ಹಿಡಿದು ಹೇಳಿದೆ: ನಿನಗೆ ಒಂದು ಗಂಡುಕೂಸು ಇದೆ, ಅನಂತಪುರದಲ್ಲಿ ಅತ್ತೆಯ ಹತ್ತಿರ ಚೆನ್ನಾಗಿದೆ, ನಿನಗೆ ನೆನಪು ನಿಲ್ಲುವುದಿಲ್ಲ, ಅದಕ್ಕೆ ಅಲ್ಲಿ ಇದೆ.

ಅತ್ತಳು. ಯಾವ ತಾಯಿಯಾದರೂ ಅಳುವಂತೆ ಅತ್ತಳು. ನೆಲ ಬಡಿದು, ಹೆಸರು ಕೇಳಿ, ಆ ಹೆಸರು ಕೂಗಿ ಅತ್ತಳು. ಆಮೇಲೆ ನಿದ್ದೆ ಹೋದಳು. ಹೇಳಿದ್ದು ಒಳ್ಳೆಯದಾಯಿತು, ಮನಸ್ಸು ಹಗುರಾಗುತ್ತದೆ ಎಂದು ನಾನು ಕಸ್ತೂರಿಗೆ ಅಂದೆ. ಆಕೆ ಒಳಗೆ ಹೋಗಿ ನನಗೊಂದು ಹಾಸಿಗೆ ಹಾಸಿದಳು.

ಈ ಸಲ ಅಲ್ಲೇ ಉಳಿದೆ. ಮರುದಿನ ಮುಂಜಾನೆ ಸುಮತಿ ಎದ್ದು ಬಂದು, ತೊಯ್ದ ಕುಪ್ಪಸವನ್ನು ಬೆರಳಿಂದ ಎತ್ತಿ ಹಿಡಿದು, “ಇದೇನ್ರಿ?” ಎಂದು ನನ್ನನ್ನು ಕೇಳಿದಳು. ಮುಖದಲ್ಲಿ ನಿನ್ನೆಯ ಒಂದು ಗೆರೆಯೂ ಇರಲಿಲ್ಲ. ಕಣ್ಣು ಮಾತ್ರ ಬಾತಿದ್ದವು.

“ಹೇಳು,” ಎಂದಳು ಕಸ್ತೂರಿ.

ಎರಡನೆಯ ಸಲ ಹೇಳಿದೆ. ಆಕೆ ಎರಡನೆಯ ಸಲ ಮೊದಲನೆಯ ಸಲದಷ್ಟೇ ಅತ್ತಳು. ಒಂದು ಹನಿಯೂ ಕಡಿಮೆ ಇಲ್ಲ. ಅದೇ ನೆಲ ಬಡಿದಳು, ಅದೇ ಹೆಸರು ಕೇಳಿದಳು.

ಮೂರನೆಯ ಮುಂಜಾನೆ ಅದೇ ಪ್ರಶ್ನೆ ಬಂತು. “ನೀರ ಸಿಡದಾವ ಬೇ, ಕುಪ್ಪಸ ಬದಲ ಮಾಡ ನಡಿ,” ಅಂದೆ. ಹೂಂ ಎಂದು ಒಳಗೆ ಹೋದಳು. ಕಸ್ತೂರಿ ಒಲೆಯ ಮುಂದಿನಿಂದ ತಲೆ ಎತ್ತದೆ ಅಂದಳು:

“ಈಗ ನೋಡಿದಿ.”

ಆ ಎರಡು ಮಾತಿಗಿಂತ ಹೆಚ್ಚಿನ ಬೈಗುಳ ಇಷ್ಟು ವರ್ಷದಲ್ಲಿ ನನಗೆ ಯಾರೂ ಬೈದಿಲ್ಲ. ಹಾಲು ಬತ್ತಲು ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟುವುದನ್ನು ತೋರಿಸಿಕೊಟ್ಟು ಬಂದೆ. ಹತ್ತು ಹನ್ನೆರಡು ದಿನದಲ್ಲಿ ಬತ್ತಿತಂತೆ. ಆಮೇಲೆ ಸುಮತಿ ಕೇಳುವುದು ನಿಂತಿತಂತೆ. ಅದನ್ನು ಕೇಳಿ ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಆಕೆಗೊಂದು ಕೂಸು ಇದ್ದದ್ದಕ್ಕೆ ಆಕೆಯ ಬಳಿ ಉಳಿದಿದ್ದ ಕೊನೆಯ ಸಾಕ್ಷಿ ಅದೊಂದೇ ಆಗಿತ್ತು. ಅದನ್ನು ಬಿಗಿದು ಕಟ್ಟಿ ಬತ್ತಿಸಿ ಬಂದವಳೂ ನಾನೇ.

ಅದಾದ ಮೇಲೂ ಬಹಳ ವರ್ಷ ಕೆಲಸ ಮಾಡಿದೆ. ತಲೆಗೆ ಪೆಟ್ಟು ಬಿದ್ದ ಮಕ್ಕಳು ಇನ್ನೂ ಬಂದರು. ಚಿಕ್ಕೋಡಿ ಕಡೆಯವರು, ರಾಯಬಾಗ ಕಡೆಯವರು, ಸೈಕಲ್ಲಿನಿಂದ, ಮಾಳಿಗೆಯಿಂದ ಬಿದ್ದವರು. ಎಲ್ಲ ಅಪ್ಪಂದಿರೂ ಕೇಳುವ ಪ್ರಶ್ನೆ ಒಂದೇ: “ಅರಾಮ ಆಗ್ಯಾನೇನ್ರಿ?” ನಾನು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಇಂದು ಏನು ಮಾಡಿದ ಎಂಬುದನ್ನಷ್ಟೇ ಹೇಳಿದೆ. ನಿನ್ನೆಯದು ಅವನಿಗೆ ನೆನಪಿದೆಯೇ ಎಂದು ನೀವೇ ಕೇಳಿ ನೋಡಿ ಅಂದೆ. ಮತ್ತೆ ಅವ್ವನನ್ನು ಬೇರೆ ಕರೆದು ಕೂರಿಸಿ, ಏನು ಬದಲಾಗಿದೆ ಎಂದು ಕೇಳಿದೆ. “ಇದು ನನ್ನ ಮಗು ಅಲ್ಲ ಅನಸ್ತೈತಿ” ಎಂದು ಯಾವ ತಾಯಿಯಾದರೂ ಅಂದರೆ ಬಾಯಿ ಮುಚ್ಚಿಸಲಿಲ್ಲ. ಅದು ಅಳುವ ಮಾತಲ್ಲ, ರಿಪೋರ್ಟು. ಡಾಕ್ಟರ ಹತ್ತಿರ ಕೈ ಹಿಡಿದು ಕರೆದುಕೊಂಡು ಹೋಗಿ, ಅದನ್ನೇ ಮತ್ತೊಮ್ಮೆ ಹೇಳಿಸಿದೆ.

ಅಪ್ಪಾಸಾಹೇಬರು ಆಮೇಲೆಯೂ ದವಾಖಾನೆಗೆ ಬರುತ್ತಿದ್ದರು, ಸಕ್ಕರೆ ಕಾಯಿಲೆ ಇತ್ತು. ಪ್ರತಿ ಸಲ “ಹೆಂಗದೀರಿ, ಆಯಾಬಾಯಿ?” ಎಂದು ಕೇಳಿಯೇ ಹೋಗುವರು. ಅವರಾಗಲಿ, ಧನಪಾಲಣ್ಣನಾಗಲಿ ನನ್ನ ತಪ್ಪನ್ನು ಒಂದು ದಿನ ಎತ್ತಿ ಆಡಲಿಲ್ಲ. ಆಡಿದ್ದರೆ ಜಗಳ ತೆಗೆಯುತ್ತಿದ್ದೆ, ನೀವೇ ಕೇಳಿದಿರಿ, ಅದಕ್ಕೆ ಹೇಳಿದೆ ಎನ್ನುತ್ತಿದ್ದೆ. ಯಾರೂ ಆಡದ್ದರಿಂದ ಅದು ಎಲ್ಲಿಗೂ ಹೋಗದೆ ನನ್ನ ಹತ್ತಿರವೇ ಉಳಿದಿದೆ.